‘ನಿಜಾಮ ಒಪ್ಪಿದ್ದರೆ’ ಎನ್ನುವವರಿಗೆ

ಟಿಪ್ಪು ಸುಲ್ತಾನನ ಮಾತು ಬಂದಾಗಲೆಲ್ಲ ನಮ್ಮವರಲ್ಲಿ ಒಂದು ನಿಟ್ಟುಸಿರು ಕೇಳಿಬರುತ್ತದೆ: ‘ಅಂದು ಹೈದರಾಬಾದಿನ ನಿಜಾಮ ಆ ಸಂಬಂಧಕ್ಕೆ ಒಪ್ಪಿದ್ದರೆ!’ ಒಪ್ಪಿದ್ದರೆ ಮೈಸೂರು ಮತ್ತು ಹೈದರಾಬಾದ್ ಬೀಗರಾಗುತ್ತಿದ್ದವು, ಕಂಪೆನಿಯ ಸೈನ್ಯ ಘಟ್ಟ ಹತ್ತುತ್ತಿರಲಿಲ್ಲ, ಸುಲ್ತಾನ ಹುಟ್ಟಿದ ದೇವನಹಳ್ಳಿಯ ಕೋಟೆ 1791ರಲ್ಲಿ ಕಾರ್ನ್‌ವಾಲಿಸನ ಕೈ ಸೇರುತ್ತಿರಲಿಲ್ಲ. ಹೀಗೆ ‘ರೆ’ಗಳ ಮೇಲೆ ರಾಜ್ಯ ಕಟ್ಟುವುದು ಬಹಳ ಸುಲಭ. ಅಲ್ಲಿ ಸೋಲೇ ಇರುವುದಿಲ್ಲ. ಆದರೆ ಈ ನಿಟ್ಟುಸಿರು ಬಿಡುವವರು ಒಂದು ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳುವುದಿಲ್ಲ. ನಿಜಾಮ ಏಕೆ ಒಪ್ಪಲಿಲ್ಲ?

1787ರ ಗಜೇಂದ್ರಗಡದ ಒಪ್ಪಂದದಿಂದ ಮರಾಠರು, ನಿಜಾಮ ಮತ್ತು ಮೈಸೂರಿನ ನಡುವಣ ಯುದ್ಧ ನಿಂತಿತು. 1788ರಲ್ಲಿ ನಿಜಾಮ್ ಅಲಿ ಖಾನ್ ಗುಂಟೂರನ್ನು ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಯಿತು. ಆ ವರ್ಷಗಳಲ್ಲಿ ಹೈದರಾಬಾದ್ ಮತ್ತು ಶ್ರೀರಂಗಪಟ್ಟಣದ ನಡುವೆ ರಾಯಭಾರಿಗಳು ಓಡಾಡಿದರು. ಸ್ನೇಹ ಗಟ್ಟಿಯಾಗಬೇಕಾದರೆ ಎರಡು ಮನೆತನಗಳ ನಡುವೆ ಮದುವೆಯಾಗಲಿ ಎಂಬ ಪ್ರಸ್ತಾಪವನ್ನು ಟಿಪ್ಪು ಮುಂದಿಟ್ಟ. ಹೈದರಾಬಾದ್ ಒಲ್ಲೆನೆಂದಿತು. ಟಿಪ್ಪುವಿನ ಮೇಲೆ ಕಿಂಚಿತ್ತೂ ಪ್ರೀತಿಯಿಲ್ಲದ ಮಾರ್ಕ್ ವಿಲ್ಕ್ಸ್‌ನಿಂದ ಹಿಡಿದು ಮೊಹಿಬ್ಬುಲ್ ಹಸನ್‌ರವರೆಗೆ ಚರಿತ್ರೆಕಾರರು ಇದನ್ನು ದಾಖಲಿಸಿದ್ದಾರೆ. ಕಾರಣ ಧರ್ಮವಲ್ಲ. ಎರಡು ಕಡೆಯವರೂ ಮುಸ್ಲಿಮರೇ. ಅಡ್ಡ ಬಂದದ್ದು ವಂಶ. ಪ್ರಥಮ ಖಲೀಫ ಅಬೂಬಕರ್(ರ)ರವರೆಗೆ ತನ್ನ ವಂಶಾವಳಿಯನ್ನು ಎಣಿಸುತ್ತಿದ್ದ ಆಸಫ್‌ಜಾಹಿ ಮನೆತನಕ್ಕೆ, ಮೈಸೂರಿನ ಸೈನ್ಯದಲ್ಲಿ ನಾಯಕನಾಗಿದ್ದ ಹೈದರನ ಮಗ ಸರಿಸಾಟಿಯಾದ ಬೀಗನಾಗಿ ಕಾಣಲಿಲ್ಲ.

ಆ ‘ಕೀಳು’ ವಂಶದ ಚರಿತ್ರೆ ನಡೆದದ್ದು ಇದೇ ತಾಲೂಕುಗಳ ನೆಲದಲ್ಲಿ. ಶಿರಾದ ಸುಬೇದಾರನ ಚಾಕರಿಯಲ್ಲಿದ್ದ ಫತೇಹ್ ಮುಹಮ್ಮದ್ ಯುದ್ಧದಲ್ಲಿ ಮಡಿದ. ಆಮೇಲೆ ದೊಡ್ಡಬಳ್ಳಾಪುರದ ಜಾಗೀರುದಾರ ಅಬ್ಬಾಸ್ ಕುಲಿ ಖಾನ್ ಆತನ ಅನಾಥ ಮಕ್ಕಳಾದ ಶಹಬಾಝ್ ಮತ್ತು ಹೈದರನನ್ನು ನಗಾರಿಯೊಳಗೆ ಕೂರಿಸಿ ಚರ್ಮ ಬಿಗಿದು ಹಣ ಸುಲಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಅದೇ ಹೈದರ್ 1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ಮೈಸೂರಿನ ದಳವಾಯಿಯ ಕಣ್ಣಿಗೆ ಬಿದ್ದ. ಮರುವರ್ಷ ಅಲ್ಲಿಯೇ ಟಿಪ್ಪು ಹುಟ್ಟಿದ. 1761ರಲ್ಲಿ ನಿಜಾಮ್ ಅಲಿಯ ಸಹೋದರ ಬಸಾಲತ್ ಜಂಗ್ ಹೊಸಕೋಟೆಗೆ ಮುತ್ತಿಗೆ ಹಾಕಿ, ಕೈ ಬರಿದಾಗಿ ಕುಳಿತಿದ್ದಾಗ, ಮೂರು ಲಕ್ಷ ರೂಪಾಯಿಗೆ ಹೈದರನಿಗೆ ಶಿರಾದ ನವಾಬಗಿರಿಯನ್ನು ಕೊಟ್ಟ. ಆಗ ಶಿರಾ ಇದ್ದದ್ದು ಮರಾಠರ ವಶದಲ್ಲಿ! ತನ್ನದಲ್ಲದ ಊರಿನ ನವಾಬಗಿರಿಯನ್ನು ಮಾರುವಾಗ ಕೊಳ್ಳುವವನ ಕುಲ ಯಾವುದೆಂದು ಆ ಮನೆತನ ಕೇಳಲಿಲ್ಲ. ಹೆಣ್ಣು-ಗಂಡಿನ ಮಾತು ಬಂದಾಗ ಮಾತ್ರ ಕುಲ ನೆನಪಾಯಿತು.

ಮದುವೆ ಆಗಿದ್ದರೆ ಎಲ್ಲವೂ ಸರಿಹೋಗುತ್ತಿತ್ತೇ? ಕನ್ನಡ ನಾಡಿನ ಚರಿತ್ರೆ ಹಾಗೆ ಹೇಳುವುದಿಲ್ಲ. ಹೈದರ್ ಅಲಿಯೇ 1779ರಲ್ಲಿ ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನನೊಂದಿಗೆ ಕೊಟ್ಟು-ತಂದು ಜೋಡಿ ಮದುವೆ ಮಾಡಿಸಿದ್ದ. ಏಳು ವರ್ಷ ಕಳೆಯುವಷ್ಟರಲ್ಲಿ ನವಾಬ ಮರಾಠರ ಪಾಳಯ ಸೇರಿದ, ಟಿಪ್ಪು ಸವಣೂರನ್ನು ವಶಪಡಿಸಿಕೊಂಡ. ಅದಕ್ಕೂ ಹಿಂದೆ, ಬಹಮನಿ ಸುಲ್ತಾನ ಫಿರೋಝ್ ಶಾಹ್ ವಿಜಯನಗರದ ಮೊದಲನೆಯ ದೇವರಾಯನ ಮಗಳನ್ನು ಮದುವೆಯಾದನೆಂದೂ ಬಂಕಾಪುರ ಆ ಮದುವೆಯ ಬಳುವಳಿಯಾಯಿತೆಂದೂ ಫಿರಿಶ್ತಾ ಬರೆಯುತ್ತಾನೆ. ಅದಾಗಿ ಹದಿನೈದು ವರ್ಷ ತುಂಬುವ ಮೊದಲೇ ಪಾನಗಲ್ಲಿನಲ್ಲಿ ಮಾವನ ಸೈನ್ಯವೂ ಅಳಿಯನ ಸೈನ್ಯವೂ ಎದುರುಬದುರು ನಿಂತವು. ಅರಮನೆಯ ಹೆಣ್ಣುಮಕ್ಕಳನ್ನು ಕರಾರುಪತ್ರದ ಮೊಹರಿನಂತೆ ಬಳಸಿದ ಮದುವೆಗಳ ಗತಿಯೇ ಅಷ್ಟು. ಆ ಹೆಣ್ಣುಮಕ್ಕಳಿಗೆ ಏನನ್ನಿಸಿತೆಂದು ಬರೆದಿಡುವ ತೊಂದರೆಯನ್ನು ಯಾವ ಆಸ್ಥಾನದ ಲೇಖಕನೂ ತೆಗೆದುಕೊಳ್ಳಲಿಲ್ಲ.

ಆದ್ದರಿಂದ ನಮ್ಮ ದುಃಖ ನಡೆಯದೆ ಹೋದ ಮದುವೆಗಾಗಿ ಅಲ್ಲ. ಅದನ್ನು ತಡೆದ ತಕ್ಕಡಿ ನಮ್ಮನ್ನು ಕಾಡಬೇಕು. ಮನುಷ್ಯನನ್ನು ಅವನ ಅಜ್ಜನಿಂದ ತೂಗುವ ತಕ್ಕಡಿ ಅದು. ಅದನ್ನು ಹಿಡಿದ ಕೈಗೆ ಏನು ದಕ್ಕಿತು? ನಿಜಾಮ 1790ರಲ್ಲಿ ಕಂಪೆನಿಯ ಜೊತೆ ಸೇರಿದ. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಇಬ್ಬರು ಎಳೆಯ ಗಂಡುಮಕ್ಕಳನ್ನೂ ಒಪ್ಪಿಸಿದಾಗ ನಿಜಾಮನಿಗೆ ಪಾಲು ಸಿಕ್ಕಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇನ್ನಷ್ಟು ಸಿಕ್ಕಿತು. ಆದರೆ 1798ರಲ್ಲಿಯೇ ಆತ ಸಹಾಯಕ ಸೈನ್ಯ ಪದ್ಧತಿಯ ನೊಗಕ್ಕೆ ಕುತ್ತಿಗೆ ಕೊಟ್ಟಾಗಿತ್ತು. 1800ರಲ್ಲಿ, ಆ ಸೈನ್ಯದ ಖರ್ಚಿಗೆಂದು, ಮೈಸೂರಿನಿಂದ ಪಡೆದ ಪ್ರದೇಶವನ್ನು ಕಂಪೆನಿಗೇ ಒಪ್ಪಿಸಿದ. ನಮ್ಮ ಬಳ್ಳಾರಿ ಮದ್ರಾಸಿನ ಆಡಳಿತಕ್ಕೆ ಸೇರಿದ್ದು ಹಾಗೆ. ಅದೇ ಸುಮಾರಿಗೆ ಹೈದರಾಬಾದಿನ ಸಯ್ಯದ್ ಮನೆತನದ ಖೈರುನ್ನಿಸಾಳ ವಿವಾಹ ಬ್ರಿಟಿಷ್ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್‌ನೊಂದಿಗೆ ನಡೆಯಿತು. ಆತ ಇಸ್ಲಾಮ್ ಸ್ವೀಕರಿಸಿ ನಿಕಾಹ್ ಮಾಡಿಕೊಂಡನೆನ್ನುತ್ತಾರೆ. ಆ ದಂಪತಿಗಳ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಅಧಿಕಾರ ಕೈಯಲ್ಲಿದ್ದವನಿಗೆ ವಂಶದ ಗೋಡೆಯಲ್ಲಿ ಬಾಗಿಲು ಸಿಗುತ್ತದೆ, ಸಿಪಾಯಿಯ ಮಗನಿಗೆ ಸಿಗುವುದಿಲ್ಲ ಎಂಬುದನ್ನು ಗಮನಿಸದಿರಲು ಸಾಧ್ಯವೇ?

ನಿಜಾಮ್ ಅಲಿ ಸತ್ತದ್ದು 1803ರಲ್ಲಿ. ಆತನ ತಕ್ಕಡಿ ಸಾಯಲಿಲ್ಲ. ಅದು ನಮ್ಮ ನಡುಮನೆಯಲ್ಲಿದೆ. ಗಂಡು-ಹೆಣ್ಣಿನ ಮಾತು ಬಂದಾಗ ನಾವು ಮೊದಲು ಕೇಳುವುದು ಏನನ್ನು? ಹುಡುಗನ ನಡತೆ, ದುಡಿಮೆ, ನಮಾಝ್ ಇವೆಲ್ಲ ಆಮೇಲೆ. ‘ಖಾನದಾನ್ ಯಾವುದು?’ ಎಂಬುದೇ ಮೊದಲ ಪ್ರಶ್ನೆ. ಸಯ್ಯದರೋ, ಶೇಖರೋ, ಪಠಾಣರೋ? ಪಿಂಜಾರರೆಂದೋ ನದಾಫರೆಂದೋ ಗೊತ್ತಾದರೆ ಚಹಾ ಕುಡಿದು ಎದ್ದು ಬರುವವರಿಲ್ಲವೇ? ಹತ್ತಿ ಹಿಂಜಿ ಊರಿಗೆಲ್ಲ ಹಾಸಿಗೆ ಮಾಡಿಕೊಟ್ಟವರ ಮನೆಯಲ್ಲಿ ಸಂಬಂಧ ಬೆಳೆಸಲು ನಮಗೆ ಮುಜುಗರ. ಮಸೀದಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ಒಂದೇ ಸಫ್‌ನಲ್ಲಿ ನಿಂತವರು ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಬೇರೆ ಬೇರೆ ಕುಲದವರಾಗಿಬಿಡುತ್ತಾರೆ.

ಇಷ್ಟೇ ಆಗಿದ್ದರೆ ಹಳೆಯ ಹಮ್ಮೆಂದು ಬಿಡಬಹುದಿತ್ತು. ಆದರೆ ಇದರ ಜೊತೆ ಬಸಾಲತ್ ಜಂಗನ ವ್ಯಾಪಾರವೂ ಸೇರಿಕೊಂಡಿದೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂತು, ಸುತ್ತಲಿನ ಭೂಮಿಗೆ ಚಿನ್ನದ ಬೆಲೆ ಬಂತು. ಭೂಮಿಯ ಬೆಲೆ ಏರಿದಲ್ಲಿ ವರನ ಬೆಲೆ ಏರದಿರುತ್ತದೆಯೇ? ಕೊಡಬೇಕಾದ ಮಹರ್ ನೆಪಮಾತ್ರಕ್ಕೆ, ಕೇಳುವ ವರದಕ್ಷಿಣೆ ಪೂರ್ತಿ ನಗದು. ವಂಶ ಪವಿತ್ರ ಎನ್ನುವವರೇ ಆ ವಂಶವನ್ನು ಸಂತೆಯಲ್ಲಿಟ್ಟು ಬೆಲೆ ಕೂಗುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದ ತಂದೆಗೆ ಇವೆರಡೂ ಕದ ಮುಚ್ಚುತ್ತವೆ. ಕುಲ ಸಾಲದೆಂದು ಒಂದು, ಹಣ ಸಾಲದೆಂದು ಇನ್ನೊಂದು.

‘ಫಿಕ್ಹ್ ಗ್ರಂಥಗಳಲ್ಲಿ ಕಫಾಅತ್ ಇದೆಯಲ್ಲ’ ಎಂದು ಕೆಲವರು ಆಕ್ಷೇಪಿಸಬಹುದು. ಇದೆ. ಹನಫಿ ವಿದ್ವಾಂಸರು ಸಮಾನತೆಯ ಲೆಕ್ಕದಲ್ಲಿ ವಂಶವನ್ನೂ ಸೇರಿಸಿದ್ದಾರೆ. ಆದರೆ ಇಮಾಮ್ ಮಾಲಿಕ್‌ರ ದೃಷ್ಟಿಯಲ್ಲಿ ಧರ್ಮನಿಷ್ಠೆಯೇ ಸಮಾನತೆ. ಹೆಣ್ಣಿನ ಬಾಳು ಹಾಳಾಗದಿರಲೆಂದು ಚರ್ಚಿಸಿದ ವಿಷಯವನ್ನು ಹೆಣ್ಣಿನ ಬಾಳಿಗೇ ಬೀಗ ಹಾಕಲು ಬಳಸುವುದು ಯಾವ ಮದ್‌ಹಬ್? ಕುರೈಶ್ ಕುಲದ ಫಾತಿಮಾ ಬಿಂತ್ ಕೈಸ್‌ರಿಗೆ ಪ್ರವಾದಿ(ಸ) ಸೂಚಿಸಿದ ವರ, ಬಿಡುಗಡೆಗೊಂಡ ಗುಲಾಮ ಝೈದ್‌ರ ಪುತ್ರ ಉಸಾಮಾ. ಮೊದಲು ಹಿಂಜರಿದ ಆ ಮಹಿಳೆ ಆ ಮದುವೆಯಲ್ಲಿಯೇ ನೆಮ್ಮದಿ ಕಂಡರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಘಟನೆಯನ್ನು ನಿಕಾಹ್‌ನ ಖುತ್ಬಾಗಳಲ್ಲಿ ನಾವು ಎಷ್ಟು ಸಲ ಕೇಳಿದ್ದೇವೆ?

ಮುಸ್ಲಿಮೇತರ ಓದುಗರು ಇದನ್ನು ಬೇರೆಯವರ ಮನೆಯ ಜಗಳವೆಂದು ಪುಟ ಮಗುಚಬೇಕಾಗಿಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂದು ಶರಣ ಪರಂಪರೆ ನೆನೆಯುತ್ತದೆ. ಬಿಜ್ಜಳನ ಆಳ್ವಿಕೆ ಇಬ್ಬರು ತಂದೆಯರನ್ನೂ ಕೊಲ್ಲಿಸಿತು. ಆ ಹುತಾತ್ಮರನ್ನು ನೆನೆಯುವ ನಾಡಿನಲ್ಲಿಯೇ ಭಾನುವಾರದ ಪತ್ರಿಕೆಗಳ ವಧೂ-ವರ ಪುಟ ಜಾತಿ, ಉಪಜಾತಿ, ಗೋತ್ರಗಳಾಗಿ ವಿಂಗಡಣೆಯಾಗಿ ಅಚ್ಚಾಗುತ್ತದೆ. ಹಿರಿಯರ ಹೆಸರು ಹೇಳಿಕೊಂಡು ಅವರ ದಾರಿ ಬಿಡುವುದರಲ್ಲಿ ನಾವೆಲ್ಲರೂ ಒಂದೇ ಕುಲದವರು.

ಟಿಪ್ಪುವಿನ ಜಯಂತಿಯನ್ನು ಸರಕಾರ 2015ರಲ್ಲಿ ಆರಂಭಿಸಿತು, 2019ರಲ್ಲಿ ರದ್ದು ಮಾಡಿತು. ಅದಕ್ಕಾಗಿ ನಮ್ಮಲ್ಲಿ ಎಷ್ಟೊಂದು ಕೂಗಾಟ ನಡೆಯಿತು! ಸರಕಾರದ ಅನುಮತಿ ಬೇಡದ ಗೌರವವೊಂದಿದೆ. ಮುಂದಿನ ಸಲ ಮನೆಗೆ ಸಂಬಂಧ ಬಂದಾಗ ಹುಡುಗನ ಅಜ್ಜ ಯಾರೆಂದು ಕೇಳುವ ಬದಲು ಹುಡುಗ ಎಂಥವನೆಂದು ಕೇಳೋಣ, ನಮ್ಮ ಹುಡುಗಿಗೆ ಒಪ್ಪಿಗೆಯೇ ಎಂದು ಅವಳನ್ನೇ ಕೇಳೋಣ. ವರದಕ್ಷಿಣೆ ಕೈ ಬದಲಾದ ಮದುವೆಗೆ ಬರುವುದಿಲ್ಲವೆಂದು ಜಮಾಅತ್‌ನ ಹಿರಿಯರು ಹೇಳಲಿ. ಇಷ್ಟನ್ನೂ ಮಾಡಲಾರದವರು ನಿಜಾಮನನ್ನು ಬೈಯುವುದನ್ನಾದರೂ ನಿಲ್ಲಿಸಲಿ. ಆತ ಅಂದು ಮಾಡಿದ್ದು, ಇವರು ಇಂದು ಮಾಡುತ್ತಿರುವುದನ್ನೇ.