ಯಾವ ಐ7?

ಎಸ್.ಪಿ. ರೋಡಿನಿಂದ ಭಾವಮೈದ ಹಳೆಯ ಡೆಸ್ಕ್‌ಟಾಪೊಂದನ್ನು ಹೊತ್ತು ತಂದಿದ್ದ. ಲಗ್ನಪತ್ರಿಕೆ, ಬ್ಯಾನರ್ ಮಾಡುವ ಡಿಟಿಪಿ ಅಂಗಡಿ ಅವನದು. "ಐ3 ದುಡ್ಡಿಗೆ ಐ7 ಸಿಕ್ತು ಭಾವ" ಎಂದು ಬೀಗುತ್ತಿದ್ದ. ತೆರೆದು ನೋಡಿದರೆ ಐ7-2600, 2011ರ ಚಿಪ್ಪು.

ನಾಲ್ಕು ಕೋರು, ಎಂಟು ಥ್ರೆಡ್ಡು, ಟರ್ಬೊದಲ್ಲಿ 3.8 ಗಿಗಾಹರ್ಟ್ಸ್. 2022ರ ಐ3-12100ಕ್ಕೂ ಅಷ್ಟೇ ಕೋರು, ಅಷ್ಟೇ ಥ್ರೆಡ್ಡು, ಟರ್ಬೊ 4.3. ಕಾಗದದಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಕೂರಿಸಿ ಓಡಿಸಿದರೆ ಒಂದೇ ಕೋರಿನ ಕೆಲಸದಲ್ಲಿ ಈ ಐ3 ಆ ಐ7ಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಚುರುಕು. ಗಿಗಾಹರ್ಟ್ಸ್ ಎಣಿಸುವುದು ಬಡಿತವನ್ನು. ಒಂದು ಬಡಿತಕ್ಕೆ ಎಷ್ಟು ಕೆಲಸ ಸಾಗುತ್ತದೆ ಎಂಬ ಲೆಕ್ಕ ತಲೆಮಾರಿನಿಂದ ತಲೆಮಾರಿಗೆ ಬೇರೆ. ಈ ಬಡಿತದ ಹುಚ್ಚು ಇಂಟೆಲನ್ನೇ ಒಮ್ಮೆ ದಾರಿ ತಪ್ಪಿಸಿತ್ತು. ಪೆಂಟಿಯಮ್ 4 ಅನ್ನು 2004ರಲ್ಲಿ 3.8ರವರೆಗೆ ಎಳೆದು, ಬಿಸಿ ತಾಳಲಾರದೆ 4 ಗಿಗಾಹರ್ಟ್ಸಿನ ಆಸೆಯನ್ನೇ ಕೈಬಿಟ್ಟರು. 2006ರಲ್ಲಿ ಬಂದ ಕೋರ್ 2, ಅದಕ್ಕಿಂತ ಎಷ್ಟೋ ನಿಧಾನ ಬಡಿಯುತ್ತಲೇ ಅದನ್ನು ಹಿಂದೆ ಹಾಕಿತು.

ಹಾಗಾದರೆ ಕೋರು ಎಣಿಸೋಣವೇ? ಭಾವಮೈದ ದೊಡ್ಡ ಬ್ಯಾನರೊಂದನ್ನು ಪಿಡಿಎಫ್ ಮಾಡಲು ಬಿಟ್ಟಾಗ ಟಾಸ್ಕ್ ಮ್ಯಾನೇಜರ್ ತೆರೆದೆ. ಎಂಟು ಚೌಕಗಳಲ್ಲಿ ಒಂದರ ಗೆರೆ ಮಾತ್ರ ಸೂರಿಗೆ ತಾಗಿತ್ತು, ಉಳಿದ ಏಳು ತೂಕಡಿಸುತ್ತಿದ್ದವು. ಜೀನ್ ಆಮ್ಡಾಲ್ 1967ರಲ್ಲೇ ಇದನ್ನು ಹೇಳಿದ್ದರು: ಕೆಲಸದ ಅರ್ಧ ಭಾಗ ಒಂದಾದ ಮೇಲೊಂದರಂತೆಯೇ ನಡೆಯಬೇಕಿದ್ದರೆ, ಸಾವಿರ ಕೋರು ಕೊಟ್ಟರೂ ವೇಗ ಎರಡು ಪಟ್ಟು ದಾಟದು. ಬ್ಲೆಂಡರಿನಲ್ಲಿ ರೆಂಡರ್ ಮಾಡುವವರು, ದಿನವಿಡೀ ವಿಡಿಯೊ ಎನ್‌ಕೋಡ್ ಮಾಡುವವರು ಹದಿನಾರು ಕೋರು ಕೊಳ್ಳಲಿ, ಅವರಿಗೆ ಅದು ದುಡಿದು ಕೊಡುತ್ತದೆ. ಮಿಕ್ಕವರು ಆರು ಕೋರಿನ ಹೊಸ ಚಿಪ್ಪಿನಲ್ಲಿ ನಿಂತು, ಉಳಿದ ದುಡ್ಡನ್ನು ರ‍್ಯಾಮಿಗೋ ಎಸ್‌ಎಸ್‌ಡಿಗೋ ಹಾಕುವುದೇ ಸರಿ ಎಂಬುದು ನನ್ನ ವಾದ.

"ಮುಂದಕ್ಕೂ ಆಗಲಿ" ಎಂದು ದುಬಾರಿಯದನ್ನು ಕೊಳ್ಳುವವರಿದ್ದಾರೆ, ಮಗುವಿಗೆ ಎರಡು ಸೈಜು ದೊಡ್ಡ ಅಂಗಿ ಹೊಲಿಸುವ ಹಾಗೆ. ಮುಂದಿನದನ್ನು ಯೋಚಿಸುವುದಾದರೆ ಸಾಕೆಟ್ ನೋಡಬೇಕು. ಎಎಂಡಿ 2017ರಲ್ಲಿ ರೈಜನ್ ತಂದಾಗಿನ ಎಎಂ4 ಬೋರ್ಡುಗಳಲ್ಲಿ ಅನೇಕವು, ಬಯಾಸ್ ಅಪ್‌ಡೇಟ್ ಆದಮೇಲೆ, 2022ರ 5800ಎಕ್ಸ್3ಡಿಯನ್ನೂ ಹೊತ್ತುಕೊಂಡವು. ಅದೇ 2017ರಲ್ಲಿ ಇಂಟೆಲಿನ ಎಂಟನೇ ತಲೆಮಾರು ಬಂದಾಗ ಸಾಕೆಟ್ಟಿಗೆ 1151 ಪಿನ್ನು ಹಾಗೆಯೇ ಇದ್ದರೂ ಹಿಂದಿನ ಬೋರ್ಡು ನಡೆಯಲಿಲ್ಲ. ಅಗ್ಗದ ರೈಜನ್ ಕೊಂಡು ಐದು ವರ್ಷ ಕಾದವನು, ಬೋರ್ಡು ರ‍್ಯಾಮು ಮುಟ್ಟದೆ ಹೊಸ ಯಂತ್ರವನ್ನೇ ಪಡೆದ. ಇಂಥ ಲಾಭ ಬೆಂಚ್‌ಮಾರ್ಕ್ ಪಟ್ಟಿಯಲ್ಲಿ ಕಾಣಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಭಾವಮೈದನ ಐ7 ಅನ್ನು ಎಸೆಯಲಿಲ್ಲ. ವಿಂಡೋಸ್ 11ರ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ, 10ಕ್ಕೆ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರಿಗೆ ಮುಗಿಯಿತು. ಅದೊಂದು ತಲೆನೋವು ಇದ್ದೇ ಇದೆ. ಆದರೆ ಅವನ ದಿನದ ಕಾಯುವಿಕೆಯಲ್ಲಿ ಮುಕ್ಕಾಲು ಪಾಲು ಗರಗರ ಎನ್ನುವ ಹಾರ್ಡ್ ಡಿಸ್ಕಿನದಾಗಿತ್ತು. ಒಂದು ಎಸ್‌ಎಸ್‌ಡಿ ಹಾಕಿದೆವು. ಫಾಂಟುಗಳ ರಾಶಿಯೊಂದಿಗೆ ಫೈಲು ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರುತ್ತಿದ್ದವನಿಗೆ ಈಗ ಎದ್ದು ಹೋಗಲು ಪುರುಸೊತ್ತಿಲ್ಲ. ಅಂಗಡಿಗೆ ಬಂದವರು ಕೇಳಿದರೆ ಮಾತ್ರ ಈಗಲೂ ಹೇಳುತ್ತಾನೆ: "ಐ7 ಅಲ್ವಾ ಸಾರ್, ಅದಕ್ಕೆ."