ಬಯಾಲಜಿ ಅಂದ್ರೆ ಬರೀ ಡಾಕ್ಟರಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೇ ದಿನ ತಂಗಿ ಫೋನ್ ಮಾಡಿದಳು. ‘ಅಣ್ಣಾ, ಪಿಸಿಎಂಬಿ ತಗೊಳ್ಳಲಾ, ಪಿಸಿಎಂಸಿ ತಗೊಳ್ಳಲಾ? ನಾಳೆ ಅಪ್ಪ ನಂಜನಗೂಡಿಗೆ ಹೋಗಿ ಅರ್ಜಿ ತರ್ತಾರಂತೆ.’ ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಮರುದಿನ ಇಂಟರ್ನಲ್ಸ್ ಇತ್ತು. ಆದರೂ ಪುಸ್ತಕ ಮುಚ್ಚಿಟ್ಟು ಒಂದು ಗಂಟೆ ಮಾತಾಡಿದೆ. ನಾಲ್ಕು ವರ್ಷದ ಹಿಂದೆ ನಾನು ಇದೇ ಪ್ರಶ್ನೆ ಕೇಳಿದಾಗ ನನ್ನ ಜೊತೆ ಐದು ನಿಮಿಷ ಮಾತಾಡುವವರೂ ಇರಲಿಲ್ಲ.

ಅವತ್ತು ಕಾಲೇಜಿನ ಕೌಂಟರ್‌ನಲ್ಲಿ ಕೂತಿದ್ದವರು ನನ್ನ ಅಂಕಪಟ್ಟಿ ನೋಡಿ, ‘ಬಯಾಲಜಿ, ಮ್ಯಾಥ್ಸ್ ಎರಡೂ ಇರಲಿ. ಡಾಕ್ಟರ್ ಆಗದಿದ್ದರೆ ಎಂಜಿನಿಯರ್ ಆಗ್ತಾನೆ’ ಅಂದರು. ಅಪ್ಪ ತಲೆಯಾಡಿಸಿದರು. ಅಮ್ಮನ ತವರು ತಿ.ನರಸೀಪುರದಲ್ಲಿ ಮಾವ ಆಗಲೇ ಸ್ವೀಟ್ ಹಂಚಿದ್ದರು. ನಾನಿನ್ನೂ ಪಿಯುಸಿಯ ಒಂದು ಪಾಠವನ್ನೂ ಓದಿರಲಿಲ್ಲ, ಮನೆಯವರ ಪಾಲಿಗೆ ಡಾಕ್ಟರ್ ಆಗಿಬಿಟ್ಟಿದ್ದೆ.

ಎರಡೂ ಬಾಗಿಲು ತೆರೆದಿರುತ್ತವೆ ಅನ್ನುವ ಮಾತು ಕೇಳಲು ಚೆಂದ. ಆದರೆ ದಿನಕ್ಕಿರುವುದು ಇಪ್ಪತ್ತನಾಲ್ಕೇ ಗಂಟೆ. ನೀಟ್‌ನ 720 ಅಂಕಗಳಲ್ಲಿ ಜೀವಶಾಸ್ತ್ರಕ್ಕೆ 360. ಅಲ್ಲಿ ಗಣಿತಕ್ಕೆ ಜಾಗವಿಲ್ಲ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ್‍ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತಲಾ 60 ಅಂಕ. ಅಲ್ಲಿ ಜೀವಶಾಸ್ತ್ರ ಲೆಕ್ಕಕ್ಕಿಲ್ಲ. ಬೆಳಿಗ್ಗೆ ಗಣಿತದ ಟ್ಯೂಷನ್, ಸಂಜೆ ಬಯಾಲಜಿ ಟ್ಯೂಷನ್, ನಡುವೆ ಬಸ್ಸು. ಎರಡೂ ಪರೀಕ್ಷೆಗೆ ಬೇಕಾದ ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೇ ಸಮಯ ಸಿಗಲಿಲ್ಲ. ಕೊನೆಗೆ ನೀಟ್‌ನಲ್ಲಿ ಸರ್ಕಾರಿ ಸೀಟಿನ ಹತ್ತಿರವೂ ಹೋಗಲಿಲ್ಲ. ಬಿಇ ಸೀಟು ಸಿಕ್ಕಿತು. ‘ಸದ್ಯ, ಇದಾದರೂ ಸಿಕ್ತಲ್ಲ’ ಎಂದು ಮನೆಯವರು ನಿಟ್ಟುಸಿರು ಬಿಟ್ಟರು.

ಎಂಜಿನಿಯರಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಷ್ಟಪಟ್ಟು ಓದುತ್ತಿದ್ದೇನೆ, ಈಗೀಗ ಇಷ್ಟವೂ ಆಗುತ್ತಿದೆ. ನನ್ನ ಬೇಸರ ಬೇರೆಯದು. ಎರಡು ವರ್ಷ ಓದಿದ ಜೀವಶಾಸ್ತ್ರವನ್ನು ನಾವೆಲ್ಲ ಹಳೇ ಪೇಪರಿನ ಜೊತೆ ಕಟ್ಟಿ ಅಟ್ಟಕ್ಕೆ ಹಾಕಿದೆವು. ಎಂಬಿಬಿಎಸ್ ಇಲ್ಲ ಅಂದಮೇಲೆ ಅದು ವೇಸ್ಟ್ ಎಂದು ನಂಬಿದ್ದೆವು.

ನಮ್ಮ ತಾತ ನಂಜನಗೂಡು ರಸಬಾಳೆ ಬೆಳೆಯುತ್ತಿದ್ದರು. ಪನಾಮಾ ಸೊರಗು ರೋಗ ಬಂದು ತೋಟ ಕೈಬಿಟ್ಟರು. ಫ್ಯುಸೇರಿಯಂ ಎಂಬ ಶಿಲೀಂಧ್ರ ಆ ರೋಗಕ್ಕೆ ಕಾರಣ. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು, ಬೇರಿನಿಂದ ಒಳಹೊಕ್ಕು, ನೀರು ಸಾಗುವ ನಾಳಗಳನ್ನೇ ಕಟ್ಟಿಹಾಕುತ್ತದೆ. ನಾವು ಪಿಯುಸಿಯಲ್ಲಿ ಶಿಲೀಂಧ್ರವನ್ನೂ ಓದಿದೆವು, ಆ ನಾಳಗಳ ಚಿತ್ರವನ್ನೂ ಬರೆದೆವು. ಜಿಐ ಟ್ಯಾಗ್ ಪಡೆದ ನಮ್ಮೂರ ಹಣ್ಣು ತೋಟಗಳಿಂದ ಮರೆಯಾಗಿದ್ದು ಇದೇ ಪಾಠದಿಂದ ಅರ್ಥವಾಗುತ್ತದೆ ಎಂದು ಯಾರೂ ಹೇಳಲಿಲ್ಲ. ನಮಗೂ ಹೊಳೆಯಲಿಲ್ಲ. ನಮ್ಮ ಕಣ್ಣಿಗೆ ಕಾಣುತ್ತಿದ್ದುದು ಸ್ಟೆತಾಸ್ಕೋಪ್ ಒಂದೇ.

ಸುತ್ತ ನೋಡಿದರೆ ಬಯಾಲಜಿ ಓದಿದವರಿಗೆ ಎಷ್ಟು ಕೆಲಸವಿದೆ! ತಿ.ನರಸೀಪುರದಲ್ಲಿ ಮೈಸೂರು ಸಿಲ್ಕ್ ಸೀರೆಗೆ ನೂಲು ತೆಗೆಯುವ ಕಾರ್ಖಾನೆಯಿದೆ. ರೇಷ್ಮೆ ಹುಳುವಿನ ಮೇಲೆ ಸಂಶೋಧನೆ ಮಾಡುವ ಕೇಂದ್ರೀಯ ಸಂಸ್ಥೆ ಮೈಸೂರಿನಲ್ಲೇ ಇದೆ. ಆಹಾರದ ಬಗ್ಗೆ ಸಿಎಫ್‌ಟಿಆರ್‌ಐ, ಮಾತು–ಶ್ರವಣದ ಬಗ್ಗೆ ಆಯಿಷ್, ನಂಜನಗೂಡಿನಲ್ಲಿ ಔಷಧ ಕಾರ್ಖಾನೆ. ಎಲ್ಲವೂ ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರ.

ನನಗೆ ಇನ್ನೂ ನೋಯುವ ವಿಷಯ ಇನ್ನೊಂದಿದೆ. ಕೃಷಿ ಪದವಿ ಕೋರ್ಸ್‌ಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿವೆ. ಅದಕ್ಕೆ ಸಿಇಟಿ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ಅಪ್ಪನ ಜೊತೆ ಗದ್ದೆಗೆ ಇಳಿದ ನನಗೆ ಅದೇನು ಕಷ್ಟದ್ದಾಗಿರಲಿಲ್ಲ. ಆದರೆ ಅಂಥದ್ದೊಂದು ಪರೀಕ್ಷೆ ಇದೆ ಎಂದು ಗೊತ್ತಾಗಿದ್ದು ಅದು ಮುಗಿದ ಮೇಲೆ.

ಡಾಕ್ಟರ್ ಆಗುವ ಆಸೆ ತಪ್ಪಲ್ಲ. ಹಳ್ಳಿಯ ಮಕ್ಕಳೇ ಡಾಕ್ಟರಾಗಿ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬರಲಿ ಅನ್ನುವುದು ನನ್ನ ಆಸೆಯೂ ಹೌದು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಕೋಟಾ ಇದೆ. ಅದರ ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಡಬೇಕು. ಆದರೆ ಆ ಒಂದು ಸೀಟು ಸಿಗದಿದ್ದರೆ ಜೀವನವೇ ಮುಗಿಯಿತು ಅನ್ನುವ ಭಯ ತಪ್ಪು. ನನ್ನ ಬ್ಯಾಚಿನ ಇಬ್ಬರು ವರ್ಷಗಟ್ಟಲೆ ಲಾಂಗ್ ಟರ್ಮ್ ಕೋಚಿಂಗ್‌ನಲ್ಲೇ ಇದ್ದಾರೆ. ಸಾಲ ಬೆಳೆಯುತ್ತಿದೆ, ಊರಿನ ಹಬ್ಬಕ್ಕೂ ಬರುವುದಿಲ್ಲ.

ತಂಗಿಗೆ ನಾನು ಹೇಳಿದ್ದು ಮೂರು ಮಾತು. ಒಂದು, ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಅನುವಂಶೀಯತೆಯ ಪಾಠ ಮತ್ತೆ ಓದು. ಪರೀಕ್ಷೆ ಇಲ್ಲದಿದ್ದರೂ ಓದಬೇಕು ಅನಿಸಿದರೆ ಬಯಾಲಜಿ ತಗೊ. ಎರಡು, ಎಂಬಿಬಿಎಸ್ ಸಿಗದಿದ್ದರೆ ಏನು ಓದುತ್ತೀಯ ಎಂದು ಎರಡು ಹೆಸರು ಈಗಲೇ ಬರೆದಿಡು. ಕೃಷಿ, ಪಶುವೈದ್ಯಕೀಯ, ಬಿ.ಫಾರ್ಮ, ನರ್ಸಿಂಗ್, ಬಿಎಸ್ಸಿ ಯಾವುದಾದರೂ ಸರಿ. ಮೂರು, ಪಿಸಿಎಂಬಿ ತಗೊಂಡರೂ ಪ್ರಥಮ ಪಿಯುಸಿ ಮುಗಿಯುವಷ್ಟರಲ್ಲಿ ಯಾವ ಪರೀಕ್ಷೆಗೆ ಜೋರಾಗಿ ಓದಬೇಕು ಅಂತ ತೀರ್ಮಾನಿಸು. ಒಂದು ಬಾಗಿಲು ಮುಚ್ಚಿದರೆ ಭಯ ಬೇಡ. ಪಿಯುಸಿಯಲ್ಲಿ ಬಯಾಲಜಿ ಓದದವರೂ ಆಮೇಲೆ ಅದನ್ನು ಹೆಚ್ಚುವರಿ ವಿಷಯವಾಗಿ ಓದಿ ನೀಟ್ ಬರೆಯಬಹುದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2023ರಲ್ಲಿ ಹೇಳಿದೆ.

ಕಾಲೇಜುಗಳಿಗೂ ನನ್ನದೊಂದು ಕೋರಿಕೆ. ಅರ್ಜಿ ಕೊಡುವ ಮುನ್ನ ಒಂದು ಅರ್ಧ ದಿನ ಮಕ್ಕಳನ್ನೂ ಅಪ್ಪ ಅಮ್ಮಂದಿರನ್ನೂ ಕೂರಿಸಿ. ರ್‍ಯಾಂಕ್ ಬಂದವರ ಬ್ಯಾನರ್ ಸಾಕು. ಅದೇ ಕಾಲೇಜಿನಲ್ಲಿ ಓದಿ ಈಗ ಕೃಷಿ, ನರ್ಸಿಂಗ್, ಬಿಎಸ್ಸಿ ಓದುತ್ತಿರುವವರನ್ನು ಕರೆಸಿ ಮಾತಾಡಿಸಿ. ಒಂದು ಮೈಕು, ಒಂದು ಟೀ ಸಾಕು.

ತಂಗಿ ಕೊನೆಗೆ ಪಿಸಿಎಂಬಿಯನ್ನೇ ತಗೊಂಡಳು. ನೋಟ್‌ಬುಕ್‌ನ ಕೊನೇ ಹಾಳೆಯಲ್ಲಿ ಎರಡು ಹೆಸರೂ ಬರೆದಿಟ್ಟಿದ್ದಾಳೆ. ಅದನ್ನು ನೋಡಿ ಅಪ್ಪ, ‘ಹಂಗಾದ್ರೆ ನೀನು ಡಾಕ್ಟರ್ ಆಗಲ್ವಾ?’ ಎಂದು ಕೇಳಿದರಂತೆ.

‘ಆಗಬಹುದಪ್ಪ. ಆಗದಿದ್ರೂ ಬಯಾಲಜಿ ಓದ್ತೀನಿ’ ಅಂದಳಂತೆ.