ನೆಲನೆಲ್ಲಿ, ನೊಬೆಲ್ ಮತ್ತು ನಮ್ಮ ದೊಡ್ಡಪ್ಪ

ಕಂಪ್ಲಿ ಕಡೆ ಭತ್ತದ ಗದ್ದೆಗಳ ಬದುವಿನಲ್ಲಿ ಮಳೆಗಾಲ ಬಂತೆಂದರೆ ನೆಲನೆಲ್ಲಿ ತಾನಾಗೇ ಬೆಳೆಯುತ್ತೆ. ಎಲೆಯ ಅಡಿಗೆ ಸಾಸಿವೆಗಿಂತ ಚೂರು ದಪ್ಪನೆಯ ಕಾಯಿಗಳ ಸಾಲು. ಏಳನೇ ಕ್ಲಾಸಿನಲ್ಲಿ ನನಗೆ ಕಾಮಾಲೆ ಆದಾಗ ಅಜ್ಜಿ ಇದನ್ನೇ ಬುಡಸಮೇತ ಕಿತ್ತು ತಂದು, ಅರೆದು, ಮಜ್ಜಿಗೆಯಲ್ಲಿ ಕಲಸಿ ಬರಿಹೊಟ್ಟೆಗೆ ಕುಡಿಸಿದ್ದಳು. ಹದಿನೈದು ದಿನ ಉಪ್ಪಿಲ್ಲ, ಎಣ್ಣೆಯಿಲ್ಲ. (ಹದಿನೈದು ದಿನ ಮಂಡಕ್ಕಿ-ಮಿರ್ಚಿ ಇಲ್ಲದೆ ಇರೋದು ಎಂಥ ಶಿಕ್ಷೆ ಅಂತ ನಮ್ಮ ಕಡೆಯವರಿಗೇ ಗೊತ್ತು!) ಕಾಮಾಲೆ ಹೋಯ್ತು. ಅಜ್ಜಿ ಗೆದ್ದಳು.

ಸಂಡೂರಿನಲ್ಲಿದ್ದ ನಮ್ಮ ದೊಡ್ಡಪ್ಪನಿಗೂ ಅದೇ ಸೊಪ್ಪು ಕೊಟ್ಟರು. ಕಣ್ಣಿನ ಹಳದಿ ಇಳೀತು, "ವಾಸಿ ಆತು ಬಿಡು" ಅಂತ ಎಲ್ಲರೂ ಸುಮ್ಮನಾದರು. ರಕ್ತ ಪರೀಕ್ಷೆ ಯಾರೂ ಮಾಡಿಸಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಹೊಸಪೇಟೆಗೆ ಕರೆತಂದಾಗ ಲಿವರ್ ಸುಕ್ಕುಗಟ್ಟಿ ಹೋಗಿತ್ತು. ಹೆಪಟೈಟಿಸ್ ಬಿ. ಹೋದಾಗ ಅವರಿಗೆ ಐವತ್ತೆರಡು.

ಒಂದೇ ಸೊಪ್ಪು, ಒಬ್ಬ ಬದುಕಿದ, ಒಬ್ಬರು ಹೋದರು. ಯಾಕೆ ಅನ್ನೋ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ಸಿಕ್ಕವರು ಬರೂಚ್ ಬ್ಲೂಂಬರ್ಗ್.

1925ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಈ ಮನುಷ್ಯ ಹುಡುಕುತ್ತಿದ್ದದ್ದು ವೈರಸ್ಸನ್ನೇ ಅಲ್ಲ! ಬೇರೆ ಬೇರೆ ದೇಶದ ಜನರ ರಕ್ತದ ಪ್ರೋಟೀನುಗಳಲ್ಲಿ ವಂಶಪಾರಂಪರ್ಯವಾಗಿ ಬರುವ ವ್ಯತ್ಯಾಸಗಳೇನು ಅಂತ ನೋಡುತ್ತಿದ್ದರು. ಹೀಮೋಫಿಲಿಯಾ ರೋಗಿಗಳು ಪದೇ ಪದೇ ಬೇರೆಯವರ ರಕ್ತ ಪಡೆದಿರುತ್ತಾರಲ್ಲ, ಅವರ ರಕ್ತದಲ್ಲಿ ಬಗೆಬಗೆಯ ಪ್ರತಿಕಾಯಗಳಿರುತ್ತವೆ. ಅಂಥ ನ್ಯೂಯಾರ್ಕಿನ ಒಬ್ಬ ರೋಗಿಯ ರಕ್ತ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದ ಜೊತೆ ಪ್ರತಿಕ್ರಿಯೆ ತೋರಿಸಿತು. ಅದಕ್ಕೆ 'ಆಸ್ಟ್ರೇಲಿಯಾ ಆಂಟಿಜೆನ್' ಅಂತ ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಮೊದಲು ಇದಕ್ಕೂ ರಕ್ತದ ಕ್ಯಾನ್ಸರಿಗೂ ನಂಟು ಅಂದುಕೊಂಡಿದ್ದರು. ಆಮೇಲೆ, ಮೊದಲ ಪರೀಕ್ಷೆಯಲ್ಲಿ ಇದು ಇಲ್ಲದಿದ್ದ ರೋಗಿಯೊಬ್ಬನಲ್ಲಿ ಎರಡನೇ ಸಲ ಕಾಣಿಸಿಕೊಂಡಿತು. ನೋಡಿದರೆ ಅವನಿಗೆ ಆ ನಡುವೆ ಹೆಪಟೈಟಿಸ್ ಆಗಿತ್ತು. ಅವರದೇ ಲ್ಯಾಬಿನ ತಂತ್ರಜ್ಞೆಗೂ ಹಾಗೇ ಆಯ್ತು. ತಮ್ಮ ಊಹೆಯನ್ನೇ ಬಿಟ್ಟು ರಕ್ತ ತೋರಿಸಿದ ಕಡೆ ಹೊರಟರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ. 1969ರಲ್ಲಿ ಇರ್ವಿಂಗ್ ಮಿಲ್ಮನ್ ಜೊತೆ ಲಸಿಕೆಯ ದಾರಿ ತೋರಿಸಿದರು, 1976ರಲ್ಲಿ ನೊಬೆಲ್ ಬಂತು, 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಒಪ್ಪಿಗೆ ಸಿಕ್ಕಿತು.

ನನಗೆ ನೊಬೆಲ್‌ಗಿಂತ ಹೆಚ್ಚು ಇಷ್ಟವಾದದ್ದು ಅದರ ನಂತರದ ಕಥೆ. ನೊಬೆಲ್ ಪಡೆದ ಇದೇ ಬ್ಲೂಂಬರ್ಗ್ ನಮ್ಮಜ್ಜಿಯ ನೆಲನೆಲ್ಲಿಯನ್ನು ಪರೀಕ್ಷೆಗಿಟ್ಟರು! ಮೊದಲು ಪ್ರಯೋಗಾಲಯದಲ್ಲಿ, ಮತ್ತೆ ವುಡ್‌ಚಕ್ ಎಂಬ ಅಳಿಲಿನ ಬಳಗದ ದಪ್ಪ ಪ್ರಾಣಿಗಳ ಮೇಲೆ. ಆಮೇಲೆ ಮದ್ರಾಸಿನ ತ್ಯಾಗರಾಜನ್ ಮತ್ತಿತರರ ಜೊತೆ ಮನುಷ್ಯರ ಮೇಲೆ. 1988ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಫಲಿತಾಂಶ: ಸೊಪ್ಪಿನ ಪುಡಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಿಂದ ಆಂಟಿಜೆನ್ ಮಾಯ; ಹುಸಿಮದ್ದು ತಿಂದ 23 ಜನರಲ್ಲಿ ಒಬ್ಬರದು ಮಾತ್ರ. ಅಜ್ಜಿ ಇದ್ದಿದ್ದರೆ ಊರಿಗೆಲ್ಲಾ ಸಕ್ಕರೆ ಹಂಚುತ್ತಿದ್ದಳು.

ಆದರೆ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಬರಲಿಲ್ಲ.

ನಮ್ಮಲ್ಲಿ ಈ ಕಥೆಯನ್ನು ಅರ್ಧಕ್ಕೇ ನಿಲ್ಲಿಸೋರು ಜಾಸ್ತಿ. "ಅಮೆರಿಕದವರೇ ಒಪ್ಪಿದಾರೆ" ಅಂತ 1988ಕ್ಕೆ ನಿಲ್ಲಿಸೋರು ಒಂದು ಕಡೆ, "ಎಲ್ಲಾ ಮೂಢನಂಬಿಕೆ" ಅಂತ ಪರೀಕ್ಷೆಯನ್ನೇ ಮಾಡದೆ ನಗೋರು ಇನ್ನೊಂದು ಕಡೆ. ಬ್ಲೂಂಬರ್ಗ್ ಇಬ್ಬರ ಥರಾನೂ ಅಲ್ಲ. ನನಗೆ ಬಂದದ್ದು ನೀರಿನಿಂದ ಹರಡುವ ಎ ಅಥವಾ ಇ ಇರಬೇಕು. ಅದು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತೆ (ಗರ್ಭಿಣಿಯರಿಗೆ ಮಾತ್ರ ಇ ತುಂಬಾ ಅಪಾಯ). ಸೊಪ್ಪು ಕುಡಿದರೂ ಇಳಿಯುತ್ತೆ, ಕೈಗೆ ಬರೆ ಹಾಕಿಸಿಕೊಂಡರೂ ಇಳಿಯುತ್ತೆ, ಹೆಸರು ಔಷಧಿ ಕೊಟ್ಟವರಿಗೆ! ಹಂಪಿಗೆ ಬರೋ ವಿದೇಶಿಯರು ಬಾಟಲಿ ನೀರು ಬಿಟ್ಟು ಬೇರೇನೂ ಕುಡಿಯಲ್ಲ ಅಂತ ನಗುತ್ತಿದ್ದೆವು, ಈಗ ನಗು ಬರಲ್ಲ. ಬಿ ಹಾಗಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೆ ಬರುತ್ತೆ, ಕೆಲವರಲ್ಲಿ ಹಳದಿ ಹೋದ ಮೇಲೂ ಒಳಗೇ ಕೂತಿರುತ್ತೆ. ಎಷ್ಟೋ ಜನರಿಗೆ ಹಳದಿಯೇ ಆಗಿರುವುದಿಲ್ಲ.

ಅದಕ್ಕೇ ನನ್ನ ತಕರಾರು ಸೊಪ್ಪಿನ ಮೇಲಲ್ಲ. ಕಾಮಾಲೆ ಅಂದ ಕೂಡಲೇ ಯಾವ ಕಾಮಾಲೆ ಅಂತ ಕೇಳದ ನಮ್ಮ ಅಭ್ಯಾಸದ ಮೇಲೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವಂಥದ್ದು, ದೊಡ್ಡಪ್ಪನಿಗೆ ಅಷ್ಟೂ ಆಗಲಿಲ್ಲ.

ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಈ ಲಸಿಕೆಯನ್ನು ಇಲ್ಲೇ ತಯಾರಿಸಿ ಅಗ್ಗ ಮಾಡಿತು. 2011ರ ಹೊತ್ತಿಗೆ ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ದೇಶಕ್ಕೆಲ್ಲಾ ಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ ಬ್ಲೂಂಬರ್ಗ್ ತೀರಿಕೊಂಡರು. ಅವರ ಹುಟ್ಟುಹಬ್ಬ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ.

ದೊಡ್ಡಪ್ಪ ಹೋದ ಮೇಲೆ ಮನೆಯವರೆಲ್ಲರ ರಕ್ತ ಪರೀಕ್ಷೆ ಆಯ್ತು. ಅವರ ಮಗಳಿಗೂ ಬಿ ಇತ್ತು. ಅಕ್ಕ ಈಗ ದಿನಕ್ಕೊಂದು ಮಾತ್ರೆ ತಗೋತಾಳೆ. ಹೋದ ವರ್ಷ ಹೆರಿಗೆಯಾದಾಗ ಮಗುವಿಗೆ ಹನ್ನೆರಡು ಗಂಟೆಯೊಳಗೆ ಲಸಿಕೆ, ಜೊತೆಗೆ ಇನ್ನೊಂದು ಇಂಜೆಕ್ಷನ್ನೂ ಹಾಕಿಸಿದೆವು. ದೊಡ್ಡಮ್ಮ ಮಾತ್ರ ಈಗಲೂ ಬದುವಿನ ಕಡೆ ಹೋದಾಗ ಒಂದು ಹಿಡಿ ನೆಲನೆಲ್ಲಿ ಕಿತ್ತು ತರುತ್ತಾಳೆ. "ಡಾಕ್ಟರನ್ನ ಕೇಳಿ ಕೊಡು ದೊಡ್ಡಮ್ಮ, ಮಾತ್ರೆ ಮಾತ್ರ ಬಿಡಿಸಬೇಡ" ಅಂದೆ. "ಕೇಳೀನಿ ಬಿಡಪ್ಪ, ನನಗ ಅಷ್ಟೂ ತಿಳಿಯಂಗಿಲ್ಲೇನು?" ಅಂದಳು.